ಭಾಗಿಸಿ ಸಿಕ್ಕಿದ್ದಾ, ಅಲ್ವಾ?

ಮುಂಬಯಿ ಪಕ್ಕದ ಡೊಂಬಿವಲಿಯಲ್ಲಿ ನನ್ನ ಹತ್ತಿರ ಟ್ಯೂಷನ್‌ಗೆ ಬರುವವರಲ್ಲಿ ಕನ್ನಡದ ಮನೆಯ ಮಕ್ಕಳೇ ಜಾಸ್ತಿ. ಶಾಲೆ ಮಾತ್ರ ಮರಾಠಿಯದು ಇಲ್ಲಾ ಇಂಗ್ಲಿಷಿನದು. ಪೂರ್ಣಾಂಕವನ್ನು ಪೂರ್ಣಾಂಕದಿಂದ ಭಾಗಿಸಿ ಸಿಗುವ ಸಂಖ್ಯೆಗೆ ನಾನು ಭಾಗಲಬ್ಧ ಅಂದರೆ ಒಬ್ಬ 'ಪರಿಮೇಯ' ಅನ್ನುತ್ತಾನೆ, ಇನ್ನೊಬ್ಬಳು 'ರ‍್ಯಾಷನಲ್' ಅನ್ನುತ್ತಾಳೆ. ತಪ್ಪು ಮಾಡುವ ಜಾಗ ಮಾತ್ರ ಎಲ್ಲರದೂ ಒಂದೇ.

ಕಳೆದ ವಾರ ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳು ಮೊಬೈಲ್‌ನಲ್ಲಿ 1ನ್ನು 17ರಿಂದ ಭಾಗಿಸಿದಳು. 0.0588235294 ಬಂತು. "ಸರ್, ಯಾವ ಅಂಕಿಗಳೂ ತಿರುಗಿ ಬರ್ತಿಲ್ಲ, ಇದು ಅಭಾಗಲಬ್ಧ" ಅಂದಳು. ಹಾಗೆ ಭಾಗಿಸಿ ಸಿಗದ, ಅಂಕಿಗಳು ನಿಲ್ಲದೆ, ಸುತ್ತದೆ ಹೋಗುವ ಸಂಖ್ಯೆಗೆ ಆ ಹೆಸರು.

ನಾನು ಫೋನ್ ಪಕ್ಕಕ್ಕಿಡಿಸಿ ಮೊದಲು 1ನ್ನು 7ರಿಂದ ಭಾಗಿಸಲು ಹೇಳಿದೆ, ಕೈಯಲ್ಲೇ, ಪ್ರತಿ ಹೆಜ್ಜೆಯ ಶೇಷವನ್ನು ಅಂಚಿನಲ್ಲಿ ಬರೆದುಕೊಳ್ಳುತ್ತಾ. 3, 2, 6, 4, 5, ಆಮೇಲೆ 1. ಶುರು ಮಾಡಿದ 1 ಮತ್ತೆ ಬಂತು. ಇನ್ನು ಮುಂದೆ ಹಳೆಯ ಲೆಕ್ಕವೇ ಸುತ್ತಬೇಕು, 142857 ಮತ್ತೆ 142857. 7ರಿಂದ ಭಾಗಿಸುವಾಗ ಸೊನ್ನೆ ಬಿಟ್ಟರೆ ಉಳಿಯಬಹುದಾದ ಶೇಷಗಳು ಆರೇ ಆರು, ಹಾಗಾಗಿ ಏಳನೇ ಹೆಜ್ಜೆಯೊಳಗೆ ಯಾವುದೋ ಒಂದು ತಿರುಗಿ ಬರಲೇಬೇಕು. 17ಕ್ಕೆ ಅಂಥ ಶೇಷಗಳು ಹದಿನಾರು. 1/17ರಲ್ಲಿ ಆ ಹದಿನಾರೂ ಮುಗಿದ ಮೇಲೇ ಸುತ್ತು ಪೂರ್ತಿಯಾಗುತ್ತದೆ: 0588235294117647, ಆಮೇಲೆ ಮತ್ತೆ 0588. ಅವಳ ಫೋನ್ ಇನ್ನೂ ಆರು ಅಂಕಿ ಬಾಕಿ ಇರುವಾಗಲೇ ನಿಂತಿತ್ತು, ಅಷ್ಟೇ.

ಇದಕ್ಕೆ ಉಲ್ಟಾ ಮೋಸವೂ ಇದೆ. ಗಣಿತಜ್ಞ ಆಯ್ಲರ್ ಹೆಸರಿನ, e ಎಂದು ಬರೆಯುವ ಸಂಖ್ಯೆಯ ಮೊದಲ ಅಂಕಿಗಳು 2.718281828. ಎಷ್ಟು ಚೆನ್ನಾಗಿ 1828, 1828 ಅಂತ ಕಾಣುತ್ತದೆ! ಮುಂದೆ ನೋಡಿದರೆ 459045. ಅದು ಅಭಾಗಲಬ್ಧ ಎಂದು ಆಯ್ಲರ್ 1737ರಲ್ಲೇ ತೋರಿಸಿದ್ದ.

ಅದಕ್ಕೇ ಅಂಕಿಗಳನ್ನು ಸುಮ್ನೆ ದಿಟ್ಟಿಸಬೇಡಿ, ಸಂಖ್ಯೆ ಎಲ್ಲಿಂದ ಬಂತು ಕೇಳಿ. ಕನ್ನಡದ ಹೆಸರೇ ಅದನ್ನು ಹೇಳುತ್ತದೆ: ಭಾಗಲಬ್ಧ, ಅಂದರೆ ಭಾಗಿಸಿ ಸಿಕ್ಕಿದ್ದು. ನನಗೆ ಈ ಪದ ತುಂಬಾ ಇಷ್ಟ. ಪೂರ್ಣಾಂಕವನ್ನು ಪೂರ್ಣಾಂಕದಿಂದ ಭಾಗಿಸಿದ್ದಾದರೆ ಯೋಚನೆಯೇ ಬೇಡ, ಒಂದೋ ನಿಲ್ಲುತ್ತದೆ, ಇಲ್ಲಾ ಸುತ್ತುತ್ತದೆ. ಭಿನ್ನರಾಶಿಯನ್ನು ಪೂರ್ತಿ ಸುಲಭ ಮಾಡಿದ ಮೇಲೆ ಛೇದದಲ್ಲಿ 2 ಮತ್ತು 5 ಬಿಟ್ಟು ಬೇರೆ ಅವಿಭಾಜ್ಯ ಇಲ್ಲದಿದ್ದರೆ ಮಾತ್ರ ನಿಲ್ಲುವುದು. ಪೂರ್ಣ ವರ್ಗವಲ್ಲದ 2, 3, 5ರಂಥವುಗಳ ವರ್ಗಮೂಲ ಅಭಾಗಲಬ್ಧ. ಪೈ ಕೂಡ. 3.14, 22/7 ಎರಡೂ ಲೆಕ್ಕಕ್ಕೆ ಅಂತ ಇಟ್ಟುಕೊಂಡ ಹತ್ತಿರದ ಬೆಲೆಗಳು, ಅವೇ ಪೈ ಅಲ್ಲ.

ಪರೀಕ್ಷೆಯಲ್ಲಿ 0.101001000100001... ಕೊಟ್ಟರೆ "ಕ್ರಮ ಇದೆ, ಹಾಗಾಗಿ ಭಾಗಲಬ್ಧ" ಅಂತ ಬರೆದು ಮಾರ್ಕ್ಸ್ ಕಳೆದುಕೊಳ್ಳುವವರು ಬಹಳ. ಕ್ರಮ ಇದ್ದರೆ ಸಾಲದು, ಅದೇ ಗುಂಪು ಹಾಗೇ ತಿರುಗಿ ಬರಬೇಕು. ಇಲ್ಲಿ ಪ್ರತಿ ಸಲ ಒಂದು ಸೊನ್ನೆ ಹೆಚ್ಚುತ್ತಲೇ ಹೋಗುತ್ತದೆ. 0.272727... ಹಾಗಲ್ಲ. ಅದರ ನೂರರಷ್ಟು 27.2727..., ಅದರಿಂದ ಮೂಲ ಸಂಖ್ಯೆ ಕಳೆದರೆ ಬಾಲವೆಲ್ಲ ಹೋಗಿ 27 ಉಳಿಯುತ್ತದೆ. ಅಂದರೆ ಸಂಖ್ಯೆಯ 99ರಷ್ಟು 27, ಸಂಖ್ಯೆ 3/11.