ಕ್ಯಾಮರಾ ಇರುವವರ ಮನೆಯ ಮದುವೆ

ಮದುವೆ ಫೋಟೋ ತೆಗೆಯಲಿಕ್ಕೆ ನನ್ನನ್ನು ಬುಕ್ ಮಾಡ್ಲಿಕ್ಕೆ ಬರುವವರಲ್ಲಿ ಅತಿ ಹೆಚ್ಚು ಪ್ರಶ್ನೆ ಕೇಳುದು ಸ್ವತಃ ಫೋಟೋ ತೆಗೆಯುವ ಹುಚ್ಚು ಇರುವವರು. ಹೋದ ವರ್ಷ ಬದಿಯಡ್ಕ ಕಡೆಯ ಒಬ್ಬ ಹುಡುಗ ಬಂದಿದ್ದ, ತಂಗಿ ಮದುವೆ, ಕೂತ ಕೂಡ್ಲೆ "ಅಣ್ಣಾ ಕ್ಯಾಮರಾ ಬಾಡಿ ಯಾವುದು, ದೊಡ್ಡ ಸೆನ್ಸರಿನ ಫುಲ್ ಫ್ರೇಮಾ, ಲೆನ್ಸ್ ಎಂತದು" ಅಂತ ಶುರು, ಚಾ ತಣಿದು ಕೆನೆ ಕಟ್ಟಿದ್ರೂ ಮುಗಿಯಲಿಲ್ಲ. ತಪ್ಪಲ್ಲ, ನಾನೂ ಒಂದು ಕಾಲದಲ್ಲಿ ಹಾಗೇ ಇದ್ದೆ. ಆದ್ರೆ ಒಂದು ಮದುವೆಯ ಫೋಟೋ ಮೊದಲಿಂದ ಕೊನೆವರೆಗೆ ತೋರಿಸಿ ಅಂತ ಅವ ಕೇಳಲೇ ಇಲ್ಲ ಮಾರಾಯ್ರೆ.

ಇನ್‌ಸ್ಟಾಗ್ರಾಮಲ್ಲಿ ಹಾಕಿದ ಇಪ್ಪತ್ತು ಫೋಟೋ ನೋಡಿ ಪ್ರಯೋಜನ ಇಲ್ಲ. ಕಡಲ ಬದಿಯ ಬೇಕಲ ಕೋಟೆಯಲ್ಲಿ ಸಂಜೆ ಹೊತ್ತಿಗೆ ಯಾರು ತೆಗೆದ್ರೂ ಚಂದ ಬರ್ತದೆ. ನಮ್ಮ ಪರೀಕ್ಷೆ ಇರುದು ಅಂಗಳದ ಚಪ್ಪರದ ಅಡಿಯಲ್ಲಿ. ಮೇಲೆ ನೀಲಿ ಟಾರ್ಪಾಲು, ಅದರಡಿ ಮದುಮಗಳ ಮುಖವೂ ನೀಲಿ, ಬದಿಯಿಂದ ವಿಡಿಯೋದವನ ಬಿಳಿ ಲೈಟು, ಹಿಂದೆ ಗೋಡೆಗೆ ಹಳದಿ ಬಲ್ಬು. ರಾ ಫೈಲ್, ಅಂದ್ರೆ ಕ್ಯಾಮರಾ ತಿದ್ದದೆ ಇಡುವ ಹಸಿ ಫೈಲು ಉಂಟಲ್ಲ, ಆಮೇಲೆ ಸರಿ ಮಾಡಬಹುದು ಅಂದ ಹುಡುಗ. ಬೆಳಕಿನ ಬಣ್ಣ ಸರಿಮಾಡುವ ವೈಟ್ ಬ್ಯಾಲೆನ್ಸ್ ಬದಲಿಸಿದ್ರೆ ಇಡೀ ಫೋಟೋಕ್ಕೇ ಬದಲಾಗ್ತದೆ, ಮುಖದ ನೀಲಿ ತೆಗೆದ್ರೆ ಗೋಡೆ ಕಿತ್ತಳೆ ಆಗ್ತದೆ. ಫ್ಲಾಶ್ ಮೇಲೆ ತಿರುಗಿಸಿದ್ರೆ ಅದೂ ಟಾರ್ಪಾಲಿಗೆ ಬಡಿದು ನೀಲಿಯಾಗಿಯೇ ವಾಪಾಸ್ ಬರ್ತದೆ. ನಾನು ಬದಿಯಲ್ಲೊಂದು ಸ್ಟ್ಯಾಂಡಿಗೆ ಬಿಳಿ ಕೊಡೆ ಸಿಕ್ಕಿಸಿ ಫ್ಲಾಶ್ ಇಡ್ತೇನೆ, ಆ ಮೂಲೆಯನ್ನು ಚಪ್ಪರದವರ ಹತ್ರ ಹಿಂದಿನ ದಿನವೇ ಕೇಳಿ ಇಡ್ಬೇಕು, ಇಲ್ಲದಿದ್ರೆ ಬೆಳಿಗ್ಗೆ ಅಲ್ಲಿ ಬಾಳೆಗೊನೆ ಬಂದಿರ್ತದೆ. ಆಲ್ಬಮಲ್ಲಿ ಧಾರೆಯ ಫೋಟೋ ಹುಡುಕಿ. ಗಿಂಡಿಯಿಂದ ನೀರು ಬೀಳುದು ಸ್ವಲ್ಪ ಹೊತ್ತು, ಅಷ್ಟರಲ್ಲಿ ಸುತ್ತ ಹತ್ತು ಮೊಬೈಲು, ಅದರ ನಡುವೆ ನೀರಿನ ಎಳೆಯೂ ಅಪ್ಪನ ಮುಖವೂ ಒಟ್ಟಿಗೆ ಸಿಕ್ಕಿದ್ರೆ ತೆಗೆದವನಿಗೆ ಕೆಲಸ ಗೊತ್ತುಂಟು.

ಮದುವೆ ಹಾಲಿನೊಳಗಾದ್ರೆ ಎಲ್‌ಇಡಿ ಲೈಟಿನ ತಲೆನೋವು. ನಮ್ಮ ಕರೆಂಟು 50 ಹರ್ಟ್ಸ್, ಕಮ್ಮಿ ಬೆಲೆಯ ಬಲ್ಬು ಸೆಕೆಂಡಿಗೆ 100 ಸಲ ಮಿನುಗ್ತದೆ, ಕಣ್ಣಿಗೆ ಗೊತ್ತಾಗುದಿಲ್ಲ, ಆದ್ರೆ ಶಬ್ದ ಮಾಡದ ಸೈಲೆಂಟ್ ಶಟರಲ್ಲಿ ಸೆಕೆಂಡಿನ 1/500ಕ್ಕೆ ಹೊಡೆದ್ರೆ ಫೋಟೋದಲ್ಲಿ ಅಡ್ಡಡ್ಡ ಪಟ್ಟೆ ಬರ್ತದೆ. 1/100ಕ್ಕೆ ಇಳಿಸಬೇಕು, ಆಗ ಒಂದು ಮಿನುಗು ಪೂರ್ತಿ ಸೇರ್ತದೆ. ಇದಕ್ಕೆ ಎಂತ ಮಾಡ್ತೀರಿ ಅಂತ ಕೇಳಿ ನೋಡಿ, ಬಾಡಿಯ ರೇಟಿಗಿಂತ ಹೆಚ್ಚು ಗೊತ್ತಾಗ್ತದೆ.

ಕ್ಯಾಮರಾದ ಎರಡು ಮೆಮೊರಿ ಕಾರ್ಡಿಗೂ ಒಟ್ಟಿಗೆ ಸೇವ್ ಆಗುವ ಹಾಗೆ ಇಟ್ಟಿದ್ದಾರಾ ಅಂತಲೂ ಕೇಳಿ. ಶುರುವಿನ ವರ್ಷ ನನ್ನದೊಂದು ಕಾರ್ಡ್ ಕೈಕೊಟ್ಟು ಊಟದ ಪಂಕ್ತಿ ಪೂರ್ತಿ ಹೋಯ್ತು. ಆ ಪಂಕ್ತಿಯಲ್ಲಿ ಮದುಮಗನ ಅಜ್ಜಿ ಇದ್ರು, ಮುಂದಿನ ಮಳೆಗಾಲಕ್ಕೆ ಅವರು ಇರಲಿಲ್ಲ. ಮನೆಯವರು ಒಂದು ಮಾತೂ ಬೈಯಲಿಲ್ಲ, ಬೈದಿದ್ರೆ ಒಳ್ಳೇದಿತ್ತು.

ಫೋಟೋ ಯಾರದ್ದು ಅನ್ನುವ ಜಗಳವೂ ಉಂಟು. 1957ರ ಕಾಪಿರೈಟ್ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ, ಬೇರೆ ಒಪ್ಪಂದ ಇಲ್ಲದಿದ್ರೆ, ದುಡ್ಡು ಕೊಟ್ಟು ತೆಗೆಸಿದವರೇ ಮೊದಲ ಹಕ್ಕುದಾರರು. ಆದ್ರೆ ರಾ ಫೈಲ್ ಕೈಗೆ ಕೊಡ್ತಾರಾ ಇಲ್ವಾ ಅಂತ ಅಡ್ವಾನ್ಸ್ ಕೊಡುವಾಗಲೇ ಬರೆಸಿಕೊಳ್ಳಿ. ನಾನು ಕೊಡುದಿಲ್ಲ, ಅರ್ಧ ಬೆಂದ ಅನ್ನ ಬಡಿಸಿದ ಹಾಗೆ ಆಗ್ತದೆ.

ಹುಡುಗನಿಗೆ ನಾನು ಹೇಳಿದ್ದು ಒಂದೇ, ಆ ದಿನ ಕ್ಯಾಮರಾ ಕಪಾಟಲ್ಲಿಡು. ಹೂಂ ಅಂದ, ಇಡಲಿಲ್ಲ. ಲಾಜಹೋಮಕ್ಕೆ ತಂಗಿಯ ಕೈಗೆ ಹೊದಳು, ಅಂದ್ರೆ ಭತ್ತದ ಅರಳು ಹಾಕಬೇಕಾದವ ಅವನೇ, ಭಟ್ರು ಎರಡು ಸಲ ಕರೆದ ಮೇಲೆ ಓಡಿ ಬಂದ, ಕುತ್ತಿಗೆಯಲ್ಲಿ ಕ್ಯಾಮರಾ ನೇತಾಡ್ತಾ ಉಂಟು, ಬಗ್ಗಿದಾಗ ಲೆನ್ಸು ಹೊದಳಿನ ಮೊರಕ್ಕೇ ಬಿತ್ತು. ಆ ಫೋಟೋ ಆಲ್ಬಮಲ್ಲಿ ಅರ್ಧ ಪುಟಕ್ಕೆ ಹಾಕಿದ್ದೇನೆ, ಅವನ ಅಮ್ಮ ಬಂದವರಿಗೆಲ್ಲ ಮೊದಲು ಅದನ್ನೇ ತೋರಿಸುದಂತೆ.