ಕೊಡಗಿನಲ್ಲಿ ಸಿಕ್ಕ ಗರಿಯಿಂದ ಹಕ್ಕಿಯನ್ನು ಗುರುತಿಸುವ ಕ್ರಮ: ಅಧ್ಯಯನ ಟಿಪ್ಪಣಿ

ಕಾಫಿ ತೋಟದ ತರಗೆಲೆಯ ಮೇಲೋ ದೇವರಕಾಡಿನ ಅಂಚಿನಲ್ಲೋ ಗರಿಯೊಂದು ಕಂಡಾಗ ಕಣ್ಣು ಮೊದಲು ಹೋಗುವುದು ಬಣ್ಣದ ಕಡೆಗೆ. ಆದರೆ ಅಭ್ಯಾಸಿಗಳು ಬಣ್ಣವನ್ನು ಕೊನೆಗೆ ಇಟ್ಟುಕೊಂಡು, ಗರಿ ಮೈಯ ಯಾವ ಭಾಗದ್ದೆಂಬುದನ್ನು ಮೊದಲು ನಿರ್ಧರಿಸಬೇಕು. ಒಂದೇ ಹಕ್ಕಿಯ ಎದೆ, ರೆಕ್ಕೆ, ಬಾಲಗಳ ಗರಿಗಳು ಒಂದನ್ನೊಂದು ಹೋಲದಿರುವುದೇ ಹೆಚ್ಚು.

ಇದಕ್ಕೆ ನಡುವಿನ ಕಡ್ಡಿಯ ಎರಡು ಬದಿಯ ಹಾಳೆಗಳ ಅಗಲವನ್ನು ಹೋಲಿಸಿ ನೋಡಬೇಕು. ಒಂದು ಬದಿ ತೀರ ಕಿರಿದಾಗಿದ್ದರೆ ಅದು ರೆಕ್ಕೆಯ ತುದಿಯ ಹಾರುಗರಿ. ಆ ಕಿರಿದಾದ ಬದಿಯೇ ಗಾಳಿಯನ್ನು ಸೀಳುವ ಮುಂಭಾಗ. ಮೈಗೆ ಹತ್ತಿರದ ರೆಕ್ಕೆಗರಿಗಳಲ್ಲಿ ಈ ವ್ಯತ್ಯಾಸ ಕಡಿಮೆಯಾಗುತ್ತದೆ. ಬಾಲದ ನಡುಗರಿಗಳಲ್ಲಿ ಎರಡೂ ಬದಿ ಸಮನಾಗಿದ್ದು, ಅಂಚಿನವುಗಳಲ್ಲಿ ಮತ್ತೆ ಅಸಮವಾಗುತ್ತವೆ. ಬುಡದ ಭಾಗ ತುಪ್ಪಳದಂತೆ ಬಿಡಿಯಾಗಿದ್ದು ತುದಿ ಮಾತ್ರ ಹೆಣೆದುಕೊಂಡಿದ್ದರೆ ಅದು ಮೈಗರಿ. ಒಂಟಿ ಮೈಗರಿಯಿಂದ ಜಾತಿಯನ್ನು ಹೇಳುವುದು ಬಹುಪಾಲು ಆಗದ ಮಾತು. ಆದರೂ ಬುಡದಿಂದಲೇ ಇನ್ನೊಂದು ಮೃದುವಾದ ಉಪಗರಿ ಸ್ಪಷ್ಟವಾಗಿ ಹೊರಟಿದ್ದರೆ ಕೋಳಿಯ ಬಳಗವನ್ನು ನೆನೆಯಬಹುದು. ಪಾರಿವಾಳಗಳಲ್ಲಿ ಅದು ಇಲ್ಲವೆನ್ನುವಷ್ಟು ಕಡಿಮೆ. ಬೂದು ಕಾಡುಕೋಳಿಯ ಹುಂಜದ ಕತ್ತಿನ ಗರಿ ಮಾತ್ರ ಒಂಟಿ ಮೈಗರಿಯಿಂದ ಜಾತಿ ಹೇಳಲಾಗದೆಂಬ ಮಾತಿಗೆ ಹೊರತು: ಅದರ ಕಡ್ಡಿಯೇ ಅಗಲವಾಗಿ ಮೇಣದಂಥ ಹಳದಿ ಚುಕ್ಕೆಯಾಗಿರುವುದರಿಂದ ನಾಟಿ ಕೋಳಿಯ ಗರಿಯೆಂದು ಭ್ರಮಿಸುವ ಪ್ರಶ್ನೆಯೇ ಬರುವುದಿಲ್ಲ.

ಕೊಡಗಿನಲ್ಲಿ ಉದ್ದಳತೆ ಎಷ್ಟು ಉಪಯುಕ್ತವೆಂಬುದಕ್ಕೆ ಮಂಗಟ್ಟೆಗಳೇ ಸಾಕ್ಷಿ. ಸುಮಾರು ಒಂದು ಮೊಳದ, ಬಿಳಿಯ ಮೇಲೆ ತುದಿಗಿಂತ ಸ್ವಲ್ಪ ಕೆಳಗೆ ಅಗಲವಾದ ಕಪ್ಪು ಪಟ್ಟೆಯುಳ್ಳ ಬಾಲಗರಿ ದೊಡ್ಡ ಮಂಗಟ್ಟೆಯದು. ಪಶ್ಚಿಮ ಘಟ್ಟಕ್ಕೇ ಸೀಮಿತವಾದ ಮಲೆ ಬೂದು ಮಂಗಟ್ಟೆಯ ಬಾಲಗರಿ ಗೇಣುದ್ದ ಮಾತ್ರವಿದ್ದು ಗಾಢ ಬಣ್ಣದ್ದಾಗಿರುತ್ತದೆ. ನಡುವಿನ ಜೋಡಿಯನ್ನು ಬಿಟ್ಟು ಉಳಿದವುಗಳ ತುದಿ ಬಿಳಿ. ದೊಡ್ಡ ಮಂಗಟ್ಟೆಯ ಬಿಳಿಯ ಮೇಲಿನ ಹಳದಿ ಛಾಯೆಯನ್ನು ಗುರುತಿನ ಲಕ್ಷಣವೆಂದು ಪೂರ್ತಿ ನಂಬುವಂತಿಲ್ಲ. ಅದು ಬಾಲದ ಬುಡದ ಗ್ರಂಥಿಯ ಎಣ್ಣೆಯನ್ನು ಹಕ್ಕಿ ಕೊಕ್ಕಿನಿಂದ ಬಳಿದುಕೊಂಡ ಬಣ್ಣವಾದ್ದರಿಂದ ಕಾಲಕ್ರಮದಲ್ಲಿ ಅಳಿಸಿಹೋಗುತ್ತದೆ. ಪೊಟರೆಯೊಳಗೆ ಬಂದಿಯಾಗಿ ಕಾವು ಕೂರುವ ಹೆಣ್ಣು ಅಲ್ಲಿಯೇ ಗರಿ ಉದುರಿಸುವುದುಂಟು. ಹಾಗಾಗಿ ಬೇಸಿಗೆಯಲ್ಲಿ ಹೆಮ್ಮರವೊಂದರ ಬುಡದಲ್ಲಿ ಇಂಥ ಗರಿ ಕಂಡರೆ ತಲೆಯ ಮೇಲೆ ಗೂಡಿರಬಹುದೆಂದು ತಿಳಿದು ಬೇಗ ದೂರ ಸರಿಯುವುದು ಒಳ್ಳೆಯದು. ಆ ಜಾಗವನ್ನು ಊರಿಗೆಲ್ಲ ಹೇಳದಿರುವುದು ಇನ್ನೂ ಒಳ್ಳೆಯದು.

ಈಗ ಬಣ್ಣದ ಮಾತು. ಹಕ್ಕಿಗಳ ನೀಲಿ ಗರಿಯಲ್ಲಿ ನೀಲಿ ವರ್ಣದ್ರವ್ಯವಿಲ್ಲ. ಎಳೆಗಳೊಳಗಿನ ಅತಿ ಸೂಕ್ಷ್ಮ ರಚನೆ ಬೆಳಕನ್ನು ಚದುರಿಸುವುದರಿಂದ ಆ ಬಣ್ಣ ಕಾಣುತ್ತದೆ, ಗರಿಯನ್ನು ಬೆಳಕಿಗೆ ಅಡ್ಡ ಹಿಡಿದರೆ ಮಂಕಾದ ಕಂದು ಉಳಿಯುತ್ತದೆ. ಗದ್ದೆ ಬಯಲಿನಲ್ಲಿ ಸಿಕ್ಕಿದ, ಗಾಢ ನೀಲಿಯ ನಡುವೆ ತಿಳಿನೀಲಿ ಪಟ್ಟೆಯಿರುವ ಹಾರುಗರಿ ನೀಲಕಂಠದ್ದಾಗಿರಬಹುದು. ಬುಡ ಬಿಳಿ, ತುದಿ ಕಪ್ಪಾಗಿರುವ ಚಿಕ್ಕ ಹಾರುಗರಿ ಸಿಕ್ಕರೆ ಬಿಳಿಗಂಟಲಿನ ಮಿಂಚುಳ್ಳಿಯನ್ನು ಮರೆಯಬಾರದು.

ಗೂಬೆಯ ಗರಿಯನ್ನು ಕಣ್ಣಿಗಿಂತ ಬೆರಳು ಚೆನ್ನಾಗಿ ಬಲ್ಲುದು. ಮೇಲ್ಮೈ ಮಖಮಲ್ಲಿನಂತಿದ್ದು, ರೆಕ್ಕೆಯ ಹೊರಗಿನ ಗರಿಯ ಮುಂಬದಿಯಲ್ಲಿ ಬಾಚಣಿಗೆಯ ಹಲ್ಲಿನಂಥ ಅಂಚಿದ್ದರೆ ಅನುಮಾನವೇ ಬೇಡ. ಆದರೆ ಹೊಳೆಬದಿಯ ಮೀನು ಗೂಬೆಯಲ್ಲಿ ಈ ಅಂಚು ಅಷ್ಟಾಗಿ ಬೆಳೆದಿಲ್ಲ, ಏಕೆಂದರೆ ನೀರಿನೊಳಗಿನ ಮೀನಿಗೆ ರೆಕ್ಕೆಯ ಸದ್ದು ಮುಟ್ಟುವುದು ಕಡಿಮೆ. ಇನ್ನು ಕಡ್ಡಿ ಅಸಾಧಾರಣವಾಗಿ ಬಿರುಸಾಗಿ, ತುದಿ ಚೂಪಾಗಿ ಸವೆದಿರುವ ಬಾಲಗರಿ ಮರಕುಟಿಗದ್ದು. ಕಾಂಡಕ್ಕೆ ಆನಿಕೊಂಡು ನಿಲ್ಲಲು ಅದಕ್ಕೆ ಬಾಲವೇ ಊರುಗೋಲು.

ಗರಿಗಳು ರಾಶಿಯಾಗಿ ಬಿದ್ದಿದ್ದರೆ ಕಡ್ಡಿಯ ಬುಡವನ್ನು ಪರೀಕ್ಷಿಸಬೇಕು. ಬುಡ ಇಡಿಯಾಗಿದ್ದರೆ ಗಿಡುಗದಂಥ ಬೇಟೆಹಕ್ಕಿ ಕಿತ್ತದ್ದಿರಬಹುದು, ಕಡಿದು ತುಂಡಾಗಿದ್ದರೆ ಪುನುಗು ಬೆಕ್ಕಿನಂಥ ಪ್ರಾಣಿಯ ಕೆಲಸ.

ಗರಿಯನ್ನು ಮನೆಗೆ ಒಯ್ಯುವ ಅಗತ್ಯವಿಲ್ಲ, ಒಯ್ಯಲೂಬಾರದು: 1972ರ ವನ್ಯಜೀವಿ (ಸಂರಕ್ಷಣೆ) ಕಾಯ್ದೆಯ ‘ಟ್ರೋಫಿ’ (ಉಳಿಸಿ ಇಟ್ಟುಕೊಂಡ ವನ್ಯಪ್ರಾಣಿಯ ದೇಹಭಾಗ) ವ್ಯಾಖ್ಯೆಯಲ್ಲಿ ಗರಿಯೂ ಸೇರಿದೆ. ಪಕ್ಕದಲ್ಲಿ ಅಳತೆಪಟ್ಟಿಯಿಟ್ಟು ಎರಡೂ ಮೈಯ ಚಿತ್ರ ತೆಗೆದು, ತಿಂಗಳು ಮತ್ತು ನೆಲೆಯನ್ನು ಬರೆದುಕೊಂಡು, 2021ರಲ್ಲಿ ಭಾರತದ ಹಕ್ಕಿಗಳಿಗಾಗಿ ಆರಂಭವಾದ ಫೆದರ್ ಲೈಬ್ರರಿಯ ಚಿತ್ರಗಳೊಂದಿಗೆ ಹೋಲಿಸಿದರೆ ಸಾಕು. ಹೋಲಿಕೆ ಪೂರ್ತಿ ಕೂಡದಿದ್ದಾಗ ಟಿಪ್ಪಣಿಯಲ್ಲಿ ಜಾತಿಯ ಹೆಸರನ್ನು ಬರೆಯದೆ, ಗೂಬೆ, ಮರಕುಟಿಗ ಎಂದು ಬಳಗದ ಹೆಸರನ್ನಷ್ಟೇ ಬರೆದು ನಿಲ್ಲಿಸಬೇಕು.