ಎರಡು ಓಎಸ್ ಇರುವ ಕಂಪ್ಯೂಟರಿನಲ್ಲಿ ಲೈಸೆನ್ಸ್ ಎರರ್: ಮೊದಲು ಗಡಿಯಾರ ನೋಡಿ

ತುಮಕೂರಿನಲ್ಲಿ ಡಿಪ್ಲೊಮಾ, ಇಂಜಿನಿಯರಿಂಗ್ ಓದುವ ನಮ್ಮಂಥವರ ಲ್ಯಾಪ್‌ಟಾಪ್‌ನಲ್ಲಿ ವಿಂಡೋಸ್ ಪಕ್ಕದಲ್ಲೇ ಲಿನಕ್ಸ್ ಇರುವುದು ಈಗ ಮಾಮೂಲು. ಡ್ರಾಯಿಂಗ್‌ಗೆ ಅದು, ಪ್ರೋಗ್ರಾಮಿಂಗ್‌ಗೆ ಇದು. ಒಂದು ದಿನ ವಿಂಡೋಸ್‌ನಲ್ಲಿ ಕ್ಯಾಡ್ ಸಾಫ್ಟ್‌ವೇರ್ ತೆರೆದರೆ ಲೈಸೆನ್ಸ್ ಎರರ್ ಬಂದು ಅಲ್ಲೇ ನಿಂತುಬಿಡುತ್ತದೆ. ಆಗ ಎಲ್ಲರೂ ಮಾಡುವುದು ಅನ್‌ಇನ್‌ಸ್ಟಾಲ್. ಇಲ್ಲಾಂದ್ರೆ ಬಿ.ಎಚ್. ರಸ್ತೆಯ ಯಾವುದೋ ಅಂಗಡಿಗೆ ಹೊತ್ಕೊಂಡು ಹೋಗಿ ಫಾರ್ಮ್ಯಾಟ್. ಎರಡೂ ಬೇಡ. ಮೊದಲು ಪರದೆಯ ಮೂಲೆಯಲ್ಲಿರುವ ಟೈಮ್ ನೋಡಿ, ಪಕ್ಕದಲ್ಲಿ ಮೊಬೈಲ್ ಇಟ್ಟುಕೊಂಡು ಹೋಲಿಸಿ.

ವ್ಯತ್ಯಾಸ ಸರಿಯಾಗಿ ಐದೂವರೆ ಗಂಟೆ ಇದ್ದರೆ ಕಾರಣ ಸಿಕ್ಕಿತು ಅಂತಲೇ ಲೆಕ್ಕ. ಮದರ್‌ಬೋರ್ಡ್ ಮೇಲೆ ಒಂದು ಗಡಿಯಾರ ಇದೆ, ಕಂಪ್ಯೂಟರ್ ಆಫ್ ಆದರೂ ಓಡುತ್ತಿರುತ್ತದೆ. ಅದರಲ್ಲಿರುವುದು ನಮ್ಮ ಊರಿನ ಸಮಯ ಅಂತ ವಿಂಡೋಸ್ ನಂಬುತ್ತದೆ. ಲಿನಕ್ಸ್ ಸಾಮಾನ್ಯವಾಗಿ ಅದನ್ನು ಯುಟಿಸಿ (ಇಡೀ ಜಗತ್ತಿಗೆ ಒಂದೇ ಆದ ಪ್ರಮಾಣ ಸಮಯ) ಅಂತ ಓದುತ್ತದೆ. ನೆಟ್ ಸಿಕ್ಕ ಕೂಡಲೇ ಲಿನಕ್ಸ್ ತನ್ನ ಸಮಯ ಸರಿಮಾಡಿಕೊಂಡು ಬೋರ್ಡಿನ ಗಡಿಯಾರಕ್ಕೂ ಯುಟಿಸಿಯನ್ನೇ ಬರೆಯುತ್ತದೆ. ಭಾರತದ ಸಮಯ ಯುಟಿಸಿಗಿಂತ 5:30 ಮುಂದೆ. ಹಾಗಾಗಿ ವಿಂಡೋಸ್ ಅಷ್ಟು ಹಿಂದೆ ಬೀಳುತ್ತದೆ.

ಇದಕ್ಕೂ ಲೈಸೆನ್ಸಿಗೂ ಏನು ಸಂಬಂಧ? ಅವಧಿ ಇರುವ ಲೈಸೆನ್ಸನ್ನು ಇನ್ನಷ್ಟು ದಿನ ಎಳೆಯಲು ಜನ ತಾರೀಖು ಹಿಂದಕ್ಕೆ ತಿರುಗಿಸುತ್ತಾರೆ. ಲೈಸೆನ್ಸ್ ಪ್ರೋಗ್ರಾಂಗಳು ಅದನ್ನೇ ಕಾಯುತ್ತಿರುತ್ತವೆ. ಅಂಥದ್ದೇ ಒಂದು ಲೈಸೆನ್ಸ್ ಪ್ರೋಗ್ರಾಂ ಆದ ಫ್ಲೆಕ್ಸ್‌ನೆಟ್‌ನಲ್ಲಿ ಎರರ್ ನಂಬರ್ ಮೈನಸ್ 88 ಅಂತ ಬಂದರೆ 'ಸಿಸ್ಟಮ್ ಗಡಿಯಾರ ಹಿಂದಕ್ಕೆ ಹೋಗಿದೆ' ಅಂತಲೇ ಅರ್ಥ.

ಈಗ ಈ ಲೆಕ್ಕ ನೋಡಿ. ಬೆಳಿಗ್ಗೆ 11ರವರೆಗೆ ವಿಂಡೋಸ್‌ನಲ್ಲಿ ಡ್ರಾಯಿಂಗ್ ಮಾಡಿದಿರಿ. ಆಮೇಲೆ ಲಿನಕ್ಸ್. ಮಧ್ಯಾಹ್ನ 2ಕ್ಕೆ ಮತ್ತೆ ವಿಂಡೋಸ್ ತೆರೆದರೆ ಅದು 8:30 ಅನ್ನುತ್ತದೆ. 11 ಆಗಿದ್ದವನಿಗೆ ಮತ್ತೆ 8:30 ಆಯಿತು! ಅನುಮಾನ ಬರದೆ ಇರುತ್ತಾ? ಆದರೆ ರಾತ್ರಿ 11ಕ್ಕೆ ವಿಂಡೋಸ್ ಮುಚ್ಚಿ, ಲಿನಕ್ಸ್ ಬಳಸಿ, ಮಾರನೆಯ ದಿನ ಬೆಳಿಗ್ಗೆ 9ಕ್ಕೆ ತೆರೆದರೆ ತೋರಿಸುವುದು ಬೆಳಗಿನ ಜಾವ 3:30. ತಪ್ಪು ಸಮಯವೇ, ಆದರೆ ಹಿಂದಿನ ರಾತ್ರಿಗಿಂತ ಮುಂದೆಯೇ ಇದೆ, ಹಾಗಾಗಿ ಗಲಾಟೆ ಇಲ್ಲ. 'ಒಂದು ದಿನ ಬರುತ್ತೆ, ಒಂದು ದಿನ ಬರಲ್ಲ' ಎನ್ನುವ ಗೊಂದಲದ ಮೂಲ ಇದೇ. ಇನ್ನೊಂದು ಮಜಾ: ರೀಇನ್‌ಸ್ಟಾಲ್ ಮಾಡುವಷ್ಟರಲ್ಲಿ ವಿಂಡೋಸ್ ನೆಟ್‌ನಿಂದ ಸಮಯ ಸರಿಮಾಡಿಕೊಂಡಿರಬಹುದು. ಹೆಸರು ಮಾತ್ರ ರೀಇನ್‌ಸ್ಟಾಲ್‌ಗೆ!

ಪರಿಹಾರಕ್ಕೆ ಎರಡು ದಾರಿ. ಲಿನಕ್ಸ್ ಟರ್ಮಿನಲ್‌ನಲ್ಲಿ ಟೈಮ್‌ಡೇಟ್‌ಸಿಟಿಎಲ್ ಕಮ್ಯಾಂಡಿನ 'ಸೆಟ್-ಲೋಕಲ್-ಆರ್‌ಟಿಸಿ' ಆಯ್ಕೆಗೆ 1 ಕೊಟ್ಟರೆ (timedatectl set-local-rtc 1) ಲಿನಕ್ಸ್ ಕೂಡ ಊರಿನ ಸಮಯವನ್ನೇ ಬರೆಯುತ್ತದೆ. ಆಗ ಬರುವ ಎಚ್ಚರಿಕೆ ನೋಡಿ ಹೆದರಬೇಡಿ. ಬೇಸಿಗೆಯಲ್ಲಿ ಗಡಿಯಾರ ಮುಂದಿಡುವ ದೇಶಗಳಲ್ಲಿ, ಟೈಮ್ ಝೋನ್ ಬದಲಿಸುವವರಿಗೆ ಅದು ಜಾಸ್ತಿ ತೊಂದರೆ. ನಮ್ಮಲ್ಲಿ ಆ ಪದ್ಧತಿ ಇಲ್ಲ. ಇನ್ನೊಂದು ದಾರಿ ವಿಂಡೋಸ್ ರಿಜಿಸ್ಟ್ರಿ, ಅಂದರೆ ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಇಟ್ಟುಕೊಳ್ಳುವ ಜಾಗ. ಅಲ್ಲಿ ಸಿಸ್ಟಮ್ ವಿಭಾಗದ ಕರೆಂಟ್‌ಕಂಟ್ರೋಲ್‌ಸೆಟ್, ಕಂಟ್ರೋಲ್, ಟೈಮ್‌ಝೋನ್‌ಇನ್ಫರ್ಮೇಶನ್ ಒಳಗೆ 'ರಿಯಲ್‌ಟೈಮ್‌ಈಸ್‌ಯುನಿವರ್ಸಲ್' (RealTimeIsUniversal) ಹೆಸರಿನ ಡಿವರ್ಡ್ (DWORD) ಮೌಲ್ಯ ಮಾಡಿ 1 ಕೊಡಬೇಕು. ರಿಜಿಸ್ಟ್ರಿ ಮುಟ್ಟಿ ಅಭ್ಯಾಸ ಇಲ್ಲದವರಿಗೆ ಮೊದಲನೆಯದೇ ವಾಸಿ. ಎರಡನ್ನೂ ಒಟ್ಟಿಗೆ ಮಾಡಬೇಡಿ, ಮತ್ತೆ ಐದೂವರೆ ಗಂಟೆ ಏರುಪೇರಾಗುತ್ತದೆ.

ಗಡಿಯಾರ ವರ್ಷಗಟ್ಟಲೆ ಹಿಂದೆ ಹೋಗಿದ್ದರೆ ಅದು ಬೇರೆ ಕತೆ. ಬೋರ್ಡಿನ ಬ್ಯಾಟರಿ ಸತ್ತಿರುತ್ತದೆ. ಡೆಸ್ಕ್‌ಟಾಪ್ ಆದರೆ ಬಹುಪಾಲು ಸಿಆರ್2032, ನಾಣ್ಯದ ಆಕಾರದ್ದು. ಹೊಸದು ಹಾಕಿ.

ಸಮಯ ಸರಿಯಾಗಿದ್ದೂ ಎರರ್ ಬಂದರೆ ನಂಬರ್ ನೋಡಿ. ಮೈನಸ್ 9 ಆದರೆ ಲೈಸೆನ್ಸ್ ಫೈಲಿನಲ್ಲಿರುವ ಯಂತ್ರದ ಗುರುತು ನಿಮ್ಮ ಯಂತ್ರಕ್ಕೆ ಹೊಂದುತ್ತಿಲ್ಲ. ವೈಫೈಯ ಮ್ಯಾಕ್ ವಿಳಾಸಕ್ಕೆ (ನೆಟ್‌ವರ್ಕ್ ಭಾಗದ ಗುರುತಿನ ಸಂಖ್ಯೆ) ಲೈಸೆನ್ಸ್ ಕಟ್ಟಿದ್ದರೆ ವಿಂಡೋಸ್‌ನ ರ್‍ಯಾಂಡಮ್ ವಿಳಾಸದ ಆಯ್ಕೆ ಆಫ್ ಮಾಡಿ.

ಹಳೆಯ ಡೆಸ್ಕ್‌ಟಾಪ್‌ಗಳಲ್ಲಿ ಇನ್ನೂ ಒಂದು ಕಾರಣ ಉಂಟು. ಎಂಬಿಆರ್ (ಡಿಸ್ಕನ್ನು ಭಾಗ ಮಾಡುವ ಹಳೆಯ ಪದ್ಧತಿ) ಡಿಸ್ಕ್‌ನ ಮೊದಲ ಸೆಕ್ಟರಿಗೂ (ಡಿಸ್ಕಿನ ಚಿಕ್ಕ ತುಂಡು) ಮೊದಲ ಪಾರ್ಟಿಶನ್ನಿಗೂ ನಡುವೆ ಖಾಲಿ ಜಾಗ ಇರುತ್ತದೆ. ಫ್ಲೆಕ್ಸ್‌ನೆಟ್ ತನ್ನ ಗುರುತನ್ನು ಅಲ್ಲಿನ 32ನೇ ಸೆಕ್ಟರಿನಲ್ಲಿ ಬರೆಯುತ್ತಿತ್ತು. ಕಂಪ್ಯೂಟರ್ ಆನ್ ಆದಾಗ ಯಾವ ಓಎಸ್ ಬೇಕೆಂದು ಕೇಳುವ ಗ್ರಬ್ ಕೂಡ ಅಲ್ಲೇ ಕೂರುತ್ತದೆ. ಒಬ್ಬರ ಮೇಲೊಬ್ಬರು ಬರೆದರೆ ಲೈಸೆನ್ಸ್ ಹೋಗುತ್ತದೆ, ಇಲ್ಲವೇ ಬೂಟ್ ಆಗುವುದೇ ನಿಲ್ಲುತ್ತದೆ. ಆಮೇಲಿನ ಗ್ರಬ್ ಆ ಸೆಕ್ಟರನ್ನು ಗುರುತಿಸಿ ಬಿಟ್ಟುಬಿಡುತ್ತದೆ. ನಿಮ್ಮದು ಯುಇಎಫ್‌ಐ ಮತ್ತು ಜಿಪಿಟಿ ಎಂಬ ಹೊಸ ಪದ್ಧತಿ ಆದರೆ ಗ್ರಬ್ ಬೇರೆ ಪಾರ್ಟಿಶನ್ನಿನಲ್ಲಿ ಫೈಲ್ ಆಗಿ ಇರುತ್ತದೆ, ಈ ಜಗಳವೇ ಇಲ್ಲ. ವಿಂಡೋಸ್‌ನ ಸಿಸ್ಟಮ್ ಇನ್ಫರ್ಮೇಶನ್ ತೆರೆದು ಬಯೋಸ್ ಮೋಡ್ ಸಾಲು ನೋಡಿ. 'ಲೆಗಸಿ' ಅಂತ ಇದ್ದರೆ ಮಾತ್ರ ಇದರ ಬಗ್ಗೆ ತಲೆ ಕೆಡಿಸಿಕೊಳ್ಳಿ.